ಹರಳಾಗದ ಉಪ್ಪು

ಬೊಗ್ನಾ ಶಿಮ್‌ಚಾಕ್ ತಟ್ಟೆಯನ್ನು ಮತ್ತೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದಳು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಬಟಾಣಿ ಕಾಳು ಕೂರುವಷ್ಟು ಗುಳಿಗಳು. ಒಂದೊಂದು ಗುಳಿಯ ತಳದಲ್ಲೂ ಮನುಷ್ಯನ ಚರ್ಮದ ಜೀವಕೋಶಗಳನ್ನು ಬೆಳೆಸಿ, ಮೇಲೆ ಮದ್ದು ಹಾಕಿ, ಕೊನೆಗೊಂದು ಹಳದಿ ಬಣ್ಣ ಬಿಟ್ಟಿದ್ದಳು. ಜೀವಕೋಶ ಬದುಕಿದ್ದರೆ ಹಳದಿ ನೇರಳೆಗೆ ತಿರುಗಬೇಕು. ಸತ್ತಿದ್ದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಮದ್ದು ಹಾಕದೆ ಬಿಟ್ಟ ಒಂದು ಸಾಲು ಮಾಗಿದ ಪ್ಲಮ್ ಹಣ್ಣಿನ ಬಣ್ಣಕ್ಕೆ ತಿರುಗಿ ಚೆಂದ ಕಾಣುತ್ತಿತ್ತು. ಉಳಿದದ್ದೆಲ್ಲ ಹಳದಿ.

ಮೊದಲ ಸಲ ಹೀಗಾದಾಗ ತನ್ನ ಕೈತಪ್ಪು ಅಂದುಕೊಂಡಿದ್ದಳು. ಎರಡನೆಯ ಸಲ ಹೊಸ ಜೀವಕೋಶ ತರಿಸಿದಳು. ಈ ಸಲ ಮದ್ದನ್ನು ಹೆಸರಿಗೆ ಮಾತ್ರ ಇದೆ ಎನ್ನುವಷ್ಟು ತೆಳು ಮಾಡಿದ್ದಳು. ಇನ್ನು ದೂರುವುದಕ್ಕೆ ಬೇರೆ ಯಾರೂ ಉಳಿದಿರಲಿಲ್ಲ. ಕೊಲ್ಲುತ್ತಿದ್ದದ್ದು ಮದ್ದೇ.

ಆ ಮದ್ದು ಪ್ರೊಫೆಸರ್ ಗೆರಾರ್ಡ್ ರತಾಯ್‌ಚಾಕರ ಕೂಸು. ಉಪ್ಪು ಅಂದರೆ ಹರಳು ಎಂದು ನಂಬಿ ಬಂದ ವಿದ್ಯಾರ್ಥಿಗಳಿಗೆ ಅವರು ಮೊದಲ ದಿನವೇ ಒಂದು ಸೀಸೆ ಎತ್ತಿ ತೋರಿಸುತ್ತಿದ್ದರು. ಒಳಗೆ ಜೇನಿನಂತೆ ನಿಧಾನಕ್ಕೆ ಜಾರುವ ಉಪ್ಪು. ಅದಕ್ಕೆ ನೀರಿನ ಒಂದು ಹನಿಯೂ ಸೇರಿಲ್ಲ, ಆದರೂ ಹರಳುಗಟ್ಟುವುದಿಲ್ಲ. ಪುಸ್ತಕಗಳಲ್ಲಿ ಅದರ ಹೆಸರು ಅಯಾನಿಕ್ ದ್ರವ. ಪೊಜ್ನಾನ್ ಊರಿನಲ್ಲಿ ಇಂಥ ದ್ರವ ಮಾಡುತ್ತಲೇ ತಲೆ ನರೆತವರು ಪ್ರೊಫೆಸರ್. ಅವರಿಗೆ ಒಂದು ದಿನ ಹೊಳೆಯಿತು: ಮದ್ದನ್ನೇ ಯಾಕೆ ಹೀಗೆ ಮಾಡಬಾರದು? ಮಾತ್ರೆಯೊಳಗಿನ ಮದ್ದು ಹರಳು. ಹರಳಿನ ಬುದ್ಧಿ ನಂಬುವಂಥದ್ದಲ್ಲ. ಇವತ್ತು ಒಂದು ರೂಪದಲ್ಲಿ ಇದ್ದದ್ದು ನಾಳೆ ಇನ್ನೊಂದಕ್ಕೆ ತಿರುಗಿ, ಹೊಟ್ಟೆಯಲ್ಲಿ ಕರಗದೆ ಮರಳಿನಂತೆ ಕೂತುಬಿಡಬಹುದು. ಹರಿಯುವ ಮದ್ದಿಗೆ ಆ ಚಾಳಿ ಇಲ್ಲ. ನೋವು ಕಳೆಯುವ ಮದ್ದು ಒಂದು ಪಾಲು, ಕ್ರಿಮಿ ಕೊಲ್ಲುವ ಮದ್ದು ಅದಕ್ಕೆ ಜೊತೆಗಾರ. ಎರಡನ್ನೂ ಬೆಸೆದು ಅವರು ಮಾಡಿದ ದ್ರವ ಚರ್ಮಕ್ಕೆ ಹಚ್ಚಿದರೆ ತಾನಾಗಿಯೇ ಒಳಗಿಳಿಯುತ್ತಿತ್ತು. ಬಣ್ಣವೂ ಅಂಟೂ ನೋಡಿ ಲ್ಯಾಬಿನವರು ಅದಕ್ಕೆ 'ಜೇನು' ಎಂದೇ ಹೆಸರಿಟ್ಟಿದ್ದರು.

ಜೇನನ್ನು ಒರೆಗೆ ಹಚ್ಚುವ ಕೆಲಸ ಬೊಗ್ನಾಳದು. ಹಂದಿಯ ಕಿವಿಯ ಚರ್ಮದ ಮೂಲಕ ಅದು ಎಷ್ಟು ಬೇಗ ಇಳಿಯುತ್ತದೆಂದು ಅಳೆದವಳೂ ಅವಳೇ. ಆಗ ಬಂದ ಅಂಕಿ ನೋಡಿ ಪ್ರೊಫೆಸರ್ ಕಾರಿಡಾರಿನಲ್ಲಿ ಅವಳ ಕೈ ಹಿಡಿದು ಒಂದು ಸುತ್ತು ಕುಣಿದಿದ್ದರು. ಈಗ ಅದೇ ಅವಳು ಹೋಗಿ, ನಿಮ್ಮ ಕೂಸು ಕೊಲೆಗಡುಕ ಎನ್ನಬೇಕಿತ್ತು. ಅವಳ ಮಗಳು ಎಳವೆಯಲ್ಲಿ ಕಾಯಿಲೆ ಬಿದ್ದು ಇಡೀ ಚಳಿಗಾಲ ಆಸ್ಪತ್ರೆಯಲ್ಲಿ ಇದ್ದಾಗ, ಬೊಗ್ನಾಳ ಜಾಗಕ್ಕೆ ಇನ್ನೊಬ್ಬರನ್ನು ತರಬೇಕೆಂದು ಮೇಲಿನವರು ಹಟ ಹಿಡಿದರೂ ಜಗ್ಗದೆ ನಿಂತವರು ಈ ಮುದುಕರು. ಅವರೆದುರು ಬಾಯಿ ಬಿಡುವುದು ಸುಲಭವಿರಲಿಲ್ಲ.

ಆದರೂ ಹೋದಳು. ಪ್ರೊಫೆಸರ್ ಕಿಟಕಿ ಪಕ್ಕ ಕೂತು ಚಹಾ ಗ್ಲಾಸಿಗೆ ನಿಂಬೆಹೋಳು ಹಿಂಡುತ್ತಿದ್ದರು. ಅವಳ ಮುಖ ನೋಡಿ, "ಏನಮ್ಮಾ, ಸೂತಕದ ಮನೆಯಿಂದ ಬಂದವಳ ಹಾಗಿದ್ದೀಯ?" ಅಂದರು.

"ಒಂಥರಾ ಹಾಗೇ ಪ್ರೊಫೆಸರ್. ಜೀವಕೋಶ ಸಾಯ್ತಾ ಇವೆ. ಮೂರು ಸಲ ನೋಡಿದೆ."

"ಜೇನಿನಿಂದಾನಾ?"

"ಜೇನಿನಿಂದಾನೇ. ನೋವಿನ ಮದ್ದಿನ ತಪ್ಪಿಲ್ಲ. ಅದನ್ನ ಒಂದೇ ಹಾಕಿದ್ರೆ ಎಲ್ಲ ಸರಿಯಾಗಿರುತ್ತೆ. ಜೊತೆಗಾರ ಇದಾನಲ್ಲ, ಅವನದೇ ಕಾಟ. ಕ್ರಿಮಿ ಯಾವುದು, ಚರ್ಮ ಯಾವುದು ಅಂತ ಅವನಿಗೆ ಗೊತ್ತಾಗಲ್ಲ."

ಪ್ರೊಫೆಸರ್ ಚಹಾದಲ್ಲಿ ಚಮಚ ತಿರುಗಿಸುತ್ತಲೇ ಇದ್ದರು. ಸಕ್ಕರೆ ಹಾಕಿರಲೇ ಇಲ್ಲ.

"ತಟ್ಟೆಯಲ್ಲಿರೋದು ಮನುಷ್ಯ ಅಲ್ಲ ಬೊಗ್ನಾ. ನಮ್ಮ ಚರ್ಮದ ಮೇಲೆ ಸತ್ತ ಪದರ ಒಂದಿದೆ, ಕೆಳಗೆ ರಕ್ತ ಓಡ್ತಾ ಇದೆ. ನಿನ್ನ ಗುಳಿಯಲ್ಲಿ ಏನಿದೆ? ಬೆತ್ತಲೆ ಕೂತಿರೋ ಪಾಪದ ಜೀವಕೋಶ. ಅದು ಸಾಬೂನು ಹಾಕಿದ್ರೂ ಸಾಯುತ್ತೆ."

"ಸಾಬೂನು ಒಳಗೆ ಇಳಿಯಲ್ಲ ಪ್ರೊಫೆಸರ್. ಇದು ಇಳಿಯುತ್ತೆ."

"ಇಳಿದ್ರೇನು? ನನಗೇನೂ ಆಗಿಲ್ಲವಲ್ಲ!" ಎಂದು ಅವರು ಗ್ಲಾಸನ್ನು ಟಣ್ಣೆಂದು ಇಟ್ಟರು. ಆಡಬಾರದ್ದನ್ನು ಆಡಿದೆ ಎಂಬುದು ಆ ಕ್ಷಣವೇ ಅವರ ಮುಖದಲ್ಲಿ ಕಂಡಿತು. ಆಮೇಲೆ ಹುಡುಗನಂತೆ ಮೊಂಡು ಬಿದ್ದು ಹೇಳಿದರು: "ಈಸ್ಟರ್ ಆದಾಗಿನಿಂದ ಎಡಗಾಲ ಮೊಣಕಾಲಿಗೆ ಹಚ್ಕೋತಿದ್ದೀನಿ. ದಿನಾ ರಾತ್ರಿ. ನೋವು ಅರ್ಧಕ್ಕೆ ಇಳಿದಿದೆ. ಮೆಟ್ಟಿಲು ಹತ್ತೋದನ್ನ ನೀನೇ ನೋಡ್ತೀಯಲ್ಲ."

 ಬೊಗ್ನಾಳಿಗೆ ತಕ್ಷಣ ನೆನಪಾದದ್ದು ಮೊಣಕಾಲಲ್ಲ, ಅವರ ಹೃದಯ. ಪ್ರೊಫೆಸರರಿಗೆ ಕವಾಟ ಬದಲಿಸಿದ್ದರು. ರಕ್ತ ಹೆಪ್ಪುಗಟ್ಟದಿರಲೆಂದು ಅವರು ಬದುಕಿಡೀ ನುಂಗಬೇಕಾದ ಮಾತ್ರೆ ಒಂದಿತ್ತು. ಅದರ ಜೊತೆ ಈ ನೋವಿನ ಮದ್ದು ಸೇರಿದರೆ ಒಳಗೆಲ್ಲೋ ರಕ್ತ ಒಸರಬಹುದು, ಒಸರಿದ್ದು ನಿಲ್ಲದಿರಬಹುದು. ಹಂದಿ ಚರ್ಮದ ಅಂಕಿ ಅವಳ ಕಣ್ಣ ಮುಂದೆ ಬಂತು. ಪ್ರೊಫೆಸರರನ್ನು ಕುಣಿಸಿದ ಅಂಕಿ ಅದೇ.

"ನಾಳೆಯೇ ಡಾಕ್ಟರ ಹತ್ರ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಈಗಲೇ ಬೇಕಾದ್ರೂ ನಾನು ಕರ್ಕೊಂಡು ಹೋಗ್ತೀನಿ."

"ಹೋಗಮ್ಮಾ. ತಟ್ಟೆ ತೊಳಿ ಹೋಗು," ಎಂದು ಅವರು ಕಿಟಕಿಯ ಕಡೆ ತಿರುಗಿ ಕೂತರು.

ಆ ವಾರವೆಲ್ಲ ಬೊಗ್ನಾಳಿಗೆ ಊಟ ಸೇರಲಿಲ್ಲ. ಫೋನ್ ಮಾಡಿದರೆ ಪ್ರೊಫೆಸರ್ ಎತ್ತುತ್ತಿರಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಹವಾಮಾನದ ಮಾತಾಡಿ ಜಾರಿಕೊಳ್ಳುತ್ತಿದ್ದರು. ಶನಿವಾರ ಅವಳು ತಡೆಯಲಾರದೆ ಟ್ರ್ಯಾಮ್ ಹತ್ತಿ ಊರಂಚಿನ ತೋಟಗಳಿಗೆ ಹೋದಳು. ಮೇ ತಿಂಗಳ ಶನಿವಾರ ಪ್ರೊಫೆಸರ್ ದಂಪತಿ ಅಲ್ಲಿ ಬಿಟ್ಟು ಬೇರೆಲ್ಲೂ ಇರುವವರಲ್ಲ. ಸಾಲು ಸಾಲು ಪುಟ್ಟ ತೋಟ, ಒಂದೊಂದಕ್ಕೂ ಗೂಡಿನಂಥ ಒಂದೊಂದು ಮರದ ಮನೆ. ರತಾಯ್‌ಚಾಕರ ಬೇಲಿಯ ಹತ್ತಿರ ಲೈಲಾಕ್ ಹೂ ಬಿಟ್ಟು ಬಾಗಿತ್ತು.

ಪ್ರೊಫೆಸರರ ಹೆಂಡತಿ ಪೆಲಾಗ್ಯಾ ಬಾಗಿಲಲ್ಲೇ ಸಿಕ್ಕಿದರು. ಜೀವಮಾನವಿಡೀ ಟ್ರ್ಯಾಮ್ ಓಡಿಸಿ ನಿವೃತ್ತರಾದ ಹೆಂಗಸು. ಈಗಲೂ ಮಾತಾಡಿದರೆ ಕೊನೆಯ ಬೋಗಿಯವರೆಗೆ ಕೇಳಬೇಕು. ವಿದ್ಯಾರ್ಥಿನಿಯಾಗಿದ್ದಾಗಿನಿಂದ ಬೊಗ್ನಾ ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು.

"ಬಾರೇ ಬಾ, ಬಡಕಲು! ಆಲೂಗಡ್ಡೆ ಬೆಂದಿದೆ, ಗ್ಜಿಕ್ ಕಲಸಿದ್ದೀನಿ. ಎಷ್ಟು ಸೊರಗಿದ್ದೀಯ, ಗಾಳಿ ಬೀಸಿದ್ರೆ ಹಾರಿಹೋಗ್ತೀಯ."

ಗ್ಜಿಕ್ ಅಂದರೆ ಮೂಲಂಗಿಯೂ ಈರುಳ್ಳಿಸೊಪ್ಪೂ ಹೆಚ್ಚಿ ಹಾಕಿ, ಕೆನೆ ಬೆರೆಸಿದ ಬಿಳಿ ಚೀಸು. ಬಿಸಿ ಆಲೂಗಡ್ಡೆಯ ಮೇಲೆ ಅದನ್ನು ಸುರಿದ ತಟ್ಟೆ ಮುಂದಿದ್ದರೂ ಬೊಗ್ನಾಳ ಕೈ ಏಳಲಿಲ್ಲ. ಪ್ರೊಫೆಸರ್ ರೂಬಾರ್ಬ್ ಗಿಡಗಳ ನಡುವಿನಿಂದ ಎದ್ದು ಬಂದರು. ಅಂಗಿಯ ತೋಳು ಮಡಿಸಿದ್ದರು. ಮುಂಗೈಯಲ್ಲಿ ಮೊಟ್ಟೆಯಷ್ಟು ದೊಡ್ಡ ನೀಲಿ ಕಲೆ.

"ಅದೇನದು?" ಬೊಗ್ನಾ ಕೂತಲ್ಲಿಂದ ಎದ್ದೇ ಬಿಟ್ಟಳು.

"ಗೂಡಿನ ಬಾಗಿಲು ಬಡಿದದ್ದು."

"ಬಾಗಿಲು ಬಡಿದ್ರೆ ಇಷ್ಟು ಕಪ್ಪಾಗುತ್ತಾ? ಪ್ರೊಫೆಸರ್, ಕೈ ಮುಗಿತೀನಿ, ನನ್ನ ಮಾತು ಕೇಳಿ. ಆ ಮದ್ದು ನಿಮ್ಮ ರಕ್ತಕ್ಕೆ ಇಳಿದಿದೆ. ನೀವು ನುಂಗೋ ಮಾತ್ರೆಗೂ ಅದಕ್ಕೂ ಆಗಿಬರಲ್ಲ. ನಾನು ಅಳೆದದ್ದು ಸುಳ್ಳಾಗಿದ್ರೆ ಬೇಕಾದಷ್ಟು ಬೈಯಿರಿ. ನಿಜವಾಗಿದ್ರೆ ಬೈಯೋಕೆ ನೀವೇ ಇರಲ್ಲ."

ಪೆಲಾಗ್ಯಾ ಕೈಯಲ್ಲಿದ್ದ ಚಮಚ ಕೆಳಗಿಟ್ಟು, ಏನೋ ಹೇಳಲು ಬಾಯಿ ತೆರೆದರು. "ಗೆರಾರ್ಡ್, ನೋಡು, ಆ ಮದ್ದು..."

"ನೀನು ಸುಮ್ನಿರು ಪೆಲಾ. ಇದು ರಸಾಯನದ ಮಾತು."

ಪೆಲಾಗ್ಯಾ ಬಾಯಿ ಮುಚ್ಚಿದರು. ಅವರ ಕಣ್ಣು ಕಿರಿದಾಯಿತು. "ಆಯ್ತಪ್ಪಾ, ಸುಮ್ನಿರ್ತೀನಿ. ಆದ್ರೆ ಸೋಮವಾರ ನೀನು ರಕ್ತ ಕೊಟ್ಟೇ ಕೊಡಬೇಕು. ಇಲ್ಲಾಂದ್ರೆ ಈ ತೋಟದಲ್ಲೇ ಮಲ್ಕೋ, ಮನೆಗೆ ಬರಬೇಡ."

ಹೆಂಡತಿಯೂ ಶಿಷ್ಯೆಯೂ ಒಂದಾದ ಮೇಲೆ ಮುದುಕರ ಆಟ ನಡೆಯಲಿಲ್ಲ. ಸೋಮವಾರ ಬೆಳಿಗ್ಗೆ ಅವರನ್ನು ಇಬ್ಬರೂ ಎಡಬಲಕ್ಕೆ ನಿಂತು ಆಸ್ಪತ್ರೆಗೆ ಕರೆದೊಯ್ದರು. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬುದನ್ನು ಆಸ್ಪತ್ರೆಯವರು ನೋಡುವವರಿದ್ದರು. ರಕ್ತದಲ್ಲಿ ನೋವಿನ ಮದ್ದು ಎಷ್ಟಿದೆಯೆಂಬುದನ್ನು ಬೊಗ್ನಾ ತನ್ನ ಯಂತ್ರದಲ್ಲೇ ನೋಡುತ್ತೇನೆಂದು ಒಂದು ಕೊಳವೆ ರಕ್ತ ಕೇಳಿ ತಂದಳು.

ಹೆಪ್ಪಿನ ಫಲಿತಾಂಶ ಮೊದಲು ಬಂತು. ಎಲ್ಲ ಇರಬೇಕಾದ ಹಾಗೇ ಇತ್ತು. ಬೊಗ್ನಾಳಿಗೆ ಅರ್ಧ ಭಯ ಕಳೆಯಿತು. ಆಮೇಲೆ ತನ್ನ ಯಂತ್ರದ ತೆರೆ ನೋಡಿದಳು. ಅಲ್ಲಿ ಮದ್ದಿನ ಗುರುತು ಬರಬೇಕಾದ ಜಾಗದಲ್ಲಿ ಗೆರೆ ಚಪ್ಪಟೆಯಾಗಿ ಓಡಿತ್ತು. ಕಡಿಮೆಯಿದ್ದಿದ್ದರೆ ಬೇರೆ ಮಾತು, ಇದು ಇಲ್ಲವೇ ಇಲ್ಲ. ಮದ್ದಿನ ಹನಿ ಬೆರೆಸಿದ ಬೇರೆ ರಕ್ತ ಹಾಕಿ ನೋಡಿದಳು, ಯಂತ್ರ ಅದನ್ನು ಥಟ್ಟನೆ ಹಿಡಿಯಿತು. ಯಂತ್ರ ಕೆಟ್ಟಿರಲಿಲ್ಲ.

ಸಂಜೆ ಅವರ ಮನೆಗೆ ಹೋಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ಹೇಳಿದಳು. ಪ್ರೊಫೆಸರ್ ಮೊದಲು ಗೆದ್ದವರಂತೆ ಮೇಜು ಕುಟ್ಟಿದರು. "ನೋಡಿದ್ಯಾ! ಏನೂ ಆಗಿಲ್ಲ! ಚರ್ಮವೂ ನೋಡು!" ಎಂದು ಪ್ಯಾಂಟಿನ ಕಾಲು ಮೇಲಕ್ಕೆ ಸುತ್ತಿ ಮೊಣಕಾಲು ತೋರಿಸಿದರು. ಮುದಿ ಮೊಣಕಾಲು, ಬೆಳ್ಳಗೆ ನುಣ್ಣಗೆ ಇತ್ತು. ಒಂದು ಕೆಂಪು ಚುಕ್ಕೆಯಿಲ್ಲ.

ಆಮೇಲೆ ಅವರ ಹುಬ್ಬು ಗಂಟಿಕ್ಕಿತು.

"ರಕ್ತದಲ್ಲಿ ಒಂಚೂರೂ ಇಲ್ಲ ಅಂದ್ಯಾ?"

"ಒಂಚೂರೂ ಇಲ್ಲ."

"ಹೇಗೆ ಸಾಧ್ಯ? ದಿನಾ ಹಚ್ಚಿದ್ದೀನಿ. ಹಂದಿ ಚರ್ಮದಲ್ಲಿ ಸರ್ರಂತ ಇಳಿದದ್ದು ನನ್ನ ಚರ್ಮದಲ್ಲಿ ಇಳಿಯಲ್ಲ ಅಂದ್ರೆ?" ಅವರ ದನಿ ಇಳಿಯುತ್ತ ಹೋಯಿತು. "ಹಾಗಾದ್ರೆ ಇದು ಮದ್ದೇ ಅಲ್ಲ. ನೋವು ಹೇಗೆ ಕಡಿಮೆಯಾಯ್ತು ಮತ್ತೆ?"

ಬೊಗ್ನಾಳಿಗೂ ತಲೆ ಕೆಟ್ಟಿತ್ತು. ಒಂದೋ ಹಂದಿಚರ್ಮದ ಲೆಕ್ಕ ತಪ್ಪು, ಇಲ್ಲವೋ ಜೀವಕೋಶದ ತಟ್ಟೆ ತಪ್ಪು, ಇಲ್ಲವೋ ಎರಡೂ. ಅಂದರೆ ತನ್ನ ಕೆಲಸವೆಲ್ಲ ನೀರು ಪಾಲು. 

ಒಲೆಯ ಮುಂದೆ ನಿಂತಿದ್ದ ಪೆಲಾಗ್ಯಾ ಬೆನ್ನು ತಿರುಗಿಸಿಕೊಂಡೇ ಹೇಳಿದರು: "ಹರಳೆಣ್ಣೆ."

"ಏನು?"

"ಹರಳೆಣ್ಣೆ ಕಣೋ ಮುದುಕಾ. ಅಂಗಡಿಯದು. ಮದ್ದಿನ ವಾಸನೆ ಬರಲಿ ಅಂತ ಸ್ವಲ್ಪ ಕರ್ಪೂರ ಹಾಕಿದ್ದೀನಿ. ನೀನು ಹಚ್ಕೋತಿರೋದು ಅದೇ."

 ಹರಳಾಗದ ಉಪ್ಪಿನ ಸೀಸೆಯಲ್ಲಿ ಇಷ್ಟು ದಿನ ಹರಳೆಣ್ಣೆ ಕೂತಿತ್ತು!

"ಮೊದಲ ರಾತ್ರಿ ನಿನ್ನ ಜೇನು ಹಚ್ಕೊಂಡು ಮಲಗಿದೆಯಲ್ಲ," ಎಂದು ಪೆಲಾಗ್ಯಾ ಈಗ ತಿರುಗಿ ಸೊಂಟದ ಮೇಲೆ ಕೈಯಿಟ್ಟರು, "ನಮ್ಮ ಅಮ್ಮ ಕಸೂತಿ ಹಾಕಿಕೊಟ್ಟ ಹೊದಿಕೆಯ ಮೇಲೆಲ್ಲ ಹಳದಿ ಅಂಟು. ಒಗೆದ್ರೆ ಹೋಗಲ್ಲ, ಕುದಿಸಿದ್ರೆ ಹೋಗಲ್ಲ. ಬಿಡು ಅಂದ್ರೆ ನೀನು ಬಿಡೋ ಪೈಕಿಯಾ? ಸೀಸೆ ಖಾಲಿ ಮಾಡಿ, ಅದೇ ಬಣ್ಣದ್ದು ತುಂಬಿಸಿಟ್ಟೆ. ಮತ್ತೆ ಇನ್ನೊಂದು, ಬೆಳಿಗ್ಗೆ ನಿನ್ನ ಮೊಣಕಾಲಿನ ಹಿಂದೆ ಕೆಂಪಗೆ ಎದ್ದಿತ್ತು. ನಿನಗೆ ಕಾಣ್ತಿರಲಿಲ್ಲ, ನನಗೆ ಕಂಡಿತ್ತು."

"ಅದು... ಖಾಲಿ ಮಾಡಿದ್ದನ್ನ ಎಲ್ಲಿ ಹಾಕಿದೆ?" ಪ್ರೊಫೆಸರ್ ಪಿಸುಗುಟ್ಟಿದರು.

"ತೋಟದ ಇರುವೆ ಗೂಡಿಗೆ. ಒಂದೂ ಉಳಿಯಲಿಲ್ಲ."

ಬೊಗ್ನಾಳಿಗೆ ಮೊದಲು ಬಂದದ್ದು ಕೋಪ. "ಚಿಕ್ಕಮ್ಮಾ! ಶನಿವಾರವೇ ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ? ಎರಡು ರಾತ್ರಿ ನಿದ್ದೆ ಮಾಡಿಲ್ಲ ನಾನು!"

"ಹೇಳೋಕೆ ಹೋದೆ, ರಸಾಯನದ ಮಾತು ಸುಮ್ನಿರು ಅಂದ. ಸರಿ ಅಂತ ಸುಮ್ನಾದೆ," ಎಂದ ಪೆಲಾಗ್ಯಾರ ದನಿ ಸ್ವಲ್ಪ ಮೆತ್ತಗಾಯಿತು. "ನಿಜ ಹೇಳಲಾ? ಒಂದು ವರ್ಷದಿಂದ ರಕ್ತ ಪರೀಕ್ಷೆಗೆ ಹೋಗು ಹೋಗು ಅಂತ ಬಡ್ಕೋತಿದ್ದೀನಿ, ಹೋಗಿಲ್ಲ ಇವನು. ನಿನ್ನ ಭಯ ನೋಡಿ, ಹೀಗಾದ್ರೂ ಹೋಗ್ತಾನಲ್ಲ ಅಂದ್ಕೊಂಡೆ. ನಿನಗೆ ಕಷ್ಟ ಕೊಟ್ಟೆ ಮಗಳೇ, ತಪ್ಪಾಯ್ತು."

ಪ್ರೊಫೆಸರ್ ತಲೆ ತಗ್ಗಿಸಿ ಕೂತಿದ್ದರು. ಅವರ ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾರೆಂದು ಬೊಗ್ನಾ ಗಾಬರಿಯಾಗಿ ಬಗ್ಗಿ ನೋಡಿದಳು. ಅವರು ನಗುತ್ತಿದ್ದರು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

"ಜೀವಕೋಶ ಸತ್ತಿವೆ, ಇರುವೆ ಸತ್ತಿವೆ, ಗೆರಾರ್ಡ್ ಮಾತ್ರ ಹರಳೆಣ್ಣೆಯಿಂದ ಬದುಕಿದ," ಎಂದು ಕಷ್ಟಪಟ್ಟು ಹೇಳಿದರು. "ನಿನ್ನ ಮಾಪನ ಎಲ್ಲ ಸರಿಯಾಗಿದೆ ಬೊಗ್ನಾ. ಎಲ್ಲವೂ. ಕೆಂಪಾಗಿದ್ದು ಸೇರಿ."

"ಮೊಣಕಾಲ ನೋವು ಹೇಗೆ ಕಡಿಮೆಯಾಯ್ತು ಹಾಗಾದ್ರೆ?" ಎಂದಳು ಬೊಗ್ನಾ.

"ಇವನು ಹಚ್ಕೊಂಡ ಮೇಲೆ ನಾನು ತಿಕ್ಕಿದೆ, ಅದು ಕಡಿಮೆಯಾಯ್ತು," ಎಂದರು ಪೆಲಾಗ್ಯಾ. "ದಿನಾ ರಾತ್ರಿ ಅರ್ಧ ಗಂಟೆ ಬಿಸಿ ಕೈಯಲ್ಲಿ ತಿಕ್ಕಿಸ್ಕೊಂಡ್ರೆ ಕಲ್ಲಿನ ನೋವೂ ಹೋಗುತ್ತೆ."

ಮೂವರೂ ನಕ್ಕರು. ನಗು ನಿಂತ ಮೇಲೆ ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡು, ಬೇರೆಯದೇ ದನಿಯಲ್ಲಿ ಹೇಳಿದರು: "ಒಂದು ಮಾತು. ನೀನು ಬಂದು ಹೇಳಿದ ದಿನವೇ ನನಗೆ ಗೊತ್ತಿತ್ತು, ನೀನು ಸರಿ ಅಂತ. ಆದ್ರೆ ನನಗೆ ಅವಸರ. ಈ ಕವಾಟ ಎಷ್ಟು ದಿನ ಬಡಿಯುತ್ತೋ ಯಾರಿಗೆ ಗೊತ್ತು? ನಾನು ಮಾಡಿದ ಮದ್ದು ಒಬ್ಬ ರೋಗಿಗಾದ್ರೂ ಮುಟ್ಟಿದ್ದನ್ನ ನೋಡ್ಬೇಕು ಅಂತ ಆಸೆ. ಇವತ್ತು ಡಾಕ್ಟರು ಎದೆಯನ್ನೂ ಪರೀಕ್ಷೆ ಮಾಡಿ ಏನಂದ್ರು ಗೊತ್ತಾ? ಕವಾಟ ಹೊಸದರ ಹಾಗಿದೆ, ಯಾಕೆ ಮುಖ ತೋರಿಸಿರಲಿಲ್ಲ ಅಂದ್ರು. ಏನಂತಾರೋ ಅಂತ ಹೆದರಿನೇ ಒಂದು ವರ್ಷ ತಪ್ಪಿಸ್ಕೊಂಡು ಓಡಾಡಿದೆ ನಾನು."

ಪೆಲಾಗ್ಯಾ ಸೂಪಿನ ಬಟ್ಟಲುಗಳನ್ನು ತಂದಿಟ್ಟು, ಗಂಡನ ತಲೆಯ ಮೇಲೊಮ್ಮೆ ಕೈಯಾಡಿಸಿ, ಒಲೆ ಆರಿಸಿದರು. ಹುಳಿ ಸೂಪಿನಲ್ಲಿ ಬೇಯಿಸಿದ ಮೊಟ್ಟೆಯಿತ್ತು. ಬೊಗ್ನಾ ಎರಡು ಬಟ್ಟಲು ಕುಡಿದು, ಮೂರನೆಯದಕ್ಕೂ ಕೈಯೊಡ್ಡಿದಳು.

ಮುಂದಿನ ಸಭೆಯಲ್ಲಿ ಫಲಿತಾಂಶ ಓದಲು ಬೊಗ್ನಾ ಎದ್ದಾಗ ಪ್ರೊಫೆಸರ್ ಕೈ ತೋರಿಸಿ ಅವಳನ್ನು ಕೂರಿಸಿದರು. ತಾವೇ ಹಲಗೆಯ ಮುಂದೆ ಹೋಗಿ ನಿಂತರು. ಜೇನು ಚರ್ಮದಲ್ಲಿ ಚೆನ್ನಾಗಿ ಇಳಿಯುತ್ತದೆ, ಚರ್ಮವನ್ನೂ ಚೆನ್ನಾಗಿ ಕೊಲ್ಲುತ್ತದೆ, ಮದ್ದಾಗಲು ಯೋಗ್ಯವಲ್ಲ ಎಂದು ಸುತ್ತುಬಳಸದೆ ಹೇಳಿದರು.  "ಮೊಸಳೆ ಬಾಯಿಗೆ ಸಿಕ್ಕವರ ಹಾಗೆ ಯಾಕೆ ಕೂತಿದ್ದೀರಿ?" ಎಂದು ಪ್ರೊಫೆಸರ್ ಗದರಿದರು. "ಹಾಳಾದದ್ದು ಜೊತೆಗಾರ. ಮದುವೆ ಮುರಿದು ಬೇರೆ ಗಂಡು ಹುಡುಕೋಣ." ಕೊಲ್ಲುವ ಜೊತೆಗಾರನ ಬದಲು ದೇಹಕ್ಕೆ ಮೊದಲೇ ಪರಿಚಯವಿರುವವನು ಬೇಕು ಎಂದು ಅವರು ಹಲಗೆಯ ಮೇಲೆ ಬರೆದದ್ದು ಕೋಲೀನಿನ ಹೆಸರು. ಮೊಟ್ಟೆಯ ಹಳದಿಯಲ್ಲೂ ಇರುವ ವಸ್ತು ಅದು.

ಹೊಸ ಜೋಡಿ ಸುಲಭಕ್ಕೆ ಕೂಡಿಬರಲಿಲ್ಲ. ಒಂದು ಹರಳಾಗಿಬಿಟ್ಟಿತು, ಇನ್ನೊಂದು ಗಾಳಿಯ ನೀರನ್ನೆಲ್ಲ ಹೀರಿ ಕೆಸರಾಯಿತು. ಕೋಲೀನಿನ ಕುಟುಂಬದ ದೂರದ ನೆಂಟನೊಬ್ಬ ಕೊನೆಗೆ ಒಪ್ಪಿದ. ಬೇಸಿಗೆ ಕಳೆದು, ಲಿಂಡೆನ್ ಮರಗಳ ಎಲೆ ಉದುರಿ, ನವೆಂಬರಿನ ಸಂತ ಮಾರ್ತಿನನ ಹಬ್ಬ ಹತ್ತಿರವಾದಾಗ ಬೊಗ್ನಾ ಮತ್ತೆ ತಟ್ಟೆಗೆ ಬಣ್ಣ ಬಿಟ್ಟು ಇನ್‌ಕ್ಯುಬೇಟರಿನಲ್ಲಿ ಇಟ್ಟಳು. ಕಾಯುವ ಹೊತ್ತಿನಲ್ಲಿ ಬೀದಿಗೆ ಹೋಗಿ, ಬೇಕರಿಯ ಸಾಲಿನಲ್ಲಿ ನಿಂತು, ಗಸಗಸೆ ತುಂಬಿದ, ಅರ್ಧಚಂದ್ರದಂಥ ಹಬ್ಬದ ಸಿಹಿಬನ್ನು ರೊಗಾಲ್‌ಗಳನ್ನು ಕೊಂಡು ತಂದಳು.

ತೆಗೆದು ನೋಡಿದಳು. ಹಾಕಿದ ಮದ್ದು ತೀರ ಗಟ್ಟಿಯಿದ್ದ ಅಂಚಿನ ಸಾಲೊಂದು ಮಸುಕಾಗಿತ್ತು. ಅದು ಬಿಟ್ಟರೆ ಈ ತುದಿಯಿಂದ ಆ ತುದಿಯವರೆಗೆ ನೇರಳೆ. ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶಗಳು ತಳಕ್ಕೆ ಅಂಟಿ, ಕೈಕಾಲು ಚಾಚಿ, ನೆಮ್ಮದಿಯಾಗಿ ಮಲಗಿದ್ದವು. ಇಳಿಯುವ ವೇಗ ಜೇನಿನಷ್ಟಿರಲಿಲ್ಲ, ಆದರೆ ಇಳಿಯುತ್ತಿತ್ತು. ಇನ್ನು ಮೇಲೆ ಇಲಿಗಳು, ಆಮೇಲೆ ಅನುಮತಿಗಳು, ಆಮೇಲೆ ಎಷ್ಟೋ ವರ್ಷ. ಅದೆಲ್ಲ ಅವಳಿಗೆ ಗೊತ್ತಿತ್ತು. ಆದರೂ ಇವತ್ತಿಗೆ ಇದು ಸಾಕಾಗಿತ್ತು.

ಪ್ರೊಫೆಸರರಿಗೆ ಫೋನ್ ಮಾಡಿದಳು. ಮೊದಲ ಗಂಟೆಗೇ ಎತ್ತಿದರು.

"ಹೂಂ?"

"ಬದುಕಿವೆ ಪ್ರೊಫೆಸರ್."

 ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಎಲ್ಲಾನಾ?"

"ಒಂದು ಸಾಲು ಸ್ವಲ್ಪ ಸೊರಗಿದೆ. ಉಳಿದದ್ದೆಲ್ಲ ಗಟ್ಟಿಯಾಗಿವೆ."

"ಸರಿ. ಅಲ್ಲೇ ಇರು, ತಟ್ಟೆ ತೊಳೀಬೇಡ. ನಾನು ಕಣ್ಣಾರೆ ನೋಡ್ಬೇಕು, ಟ್ರ್ಯಾಮ್ ಹತ್ತಿ ಬರ್ತೀನಿ."

ಬೊಗ್ನಾ ಫೋನಿಟ್ಟು ಕಿಟಕಿ ತೆರೆದಳು. ಚಳಿಗಾಳಿ ಒಳಗೆ ಬಂತು, ಕೆಳಗಿನ ಬೀದಿಯಲ್ಲಿ ಹಬ್ಬದ ಮೆರವಣಿಗೆಯ ವಾದ್ಯದವರು ತಾಳ ಸರಿಮಾಡಿಕೊಳ್ಳುತ್ತಿದ್ದರು. ಪೊಟ್ಟಣ ಬಿಚ್ಚಿ, ಪ್ರೊಫೆಸರ್ ಬರುವವರೆಗೂ ಕಾಯಬೇಕೆಂದುಕೊಂಡವಳು ಕಾಯಲಾರದೆ, ಕಿಟಕಿಗೆ ಒರಗಿ ನಿಂತು ಒಂದು ರೊಗಾಲನ್ನು ಪೂರ್ತಿ ತಿಂದು ಮುಗಿಸಿದಳು.